ಹಕ್ಕಿಗಳ ಸೇತುವೆ: ತನಬಾತ ಬ್ಯಾಲೆ ಬಗ್ಗೆ ಪೋಷಕರಿಗೆ ಪತ್ರ

ನಿಷಿಕಸಾಯ್, ಟೋಕಿಯೋ
ಜೂನ್ 14, ಭಾನುವಾರ

ಪ್ರೀತಿಯ ಪೋಷಕರೇ,

ನಮಸ್ಕಾರ. ಜುಲೈ 5ರ ಭಾನುವಾರ ಮಧ್ಯಾಹ್ನ 2 ಗಂಟೆಗೆ ನಮ್ಮ ಕನ್ನಡ ತರಗತಿಯ 19 ಮಕ್ಕಳು ಬ್ಯಾಲೆ ಆಡುತ್ತಿದ್ದಾರೆ. ಕಥೆ ಜಪಾನಿನ ತನಬಾತ ಹಬ್ಬದ್ದು. ಪಕ್ಕದ ಬೀದಿಯ ಬ್ಯಾಲೆ ಶಾಲೆಯ ಸೆನ್ಸೇ, ಅಂದರೆ ಗುರುಗಳು, ತಮ್ಮ ಮಕ್ಕಳ ಜೊತೆ ನಮ್ಮ ಮಕ್ಕಳನ್ನೂ ಸೇರಿಸಿಕೊಂಡು ಏಪ್ರಿಲ್‌ನಿಂದ ಪ್ರತಿ ಶನಿವಾರ ಕಲಿಸುತ್ತಿದ್ದಾರೆ.

ಈ ವಾರ ನನಗೆ ಆರೇಳು ಫೋನ್ ಬಂದವು. ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. "ಮೇಡಂ, ನಮ್ಮ ಮಗುವಿಗೆ ಬರೀ ಹಕ್ಕಿ ಪಾರ್ಟಾ?" ಫೋನಿನಲ್ಲಿ ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳುವುದಕ್ಕಿಂತ ಕೂತು ಎಲ್ಲರಿಗೂ ಬರೆಯೋಣ ಅನ್ನಿಸಿತು.

ಮೊದಲು ಕಥೆ. ಒರಿಹಿಮೆ ದೇವಲೋಕದ ರಾಜ ತೆಂತೇಯ ಮಗಳು. ಅಮನೋಗಾವಾ ನದಿಯ ದಡದಲ್ಲಿ ಕೂತು ದಿನವಿಡೀ ಬಟ್ಟೆ ನೇಯುತ್ತಾಳೆ. ಅಮನೋಗಾವಾ ಅಂದರೆ ಆಕಾಶದ ನದಿ, ನಮ್ಮ ಆಕಾಶಗಂಗೆಯೇ. ಆಚೆ ದಡದಲ್ಲಿ ಹಿಕೊಬೋಷಿ ದನ ಕಾಯುತ್ತಾನೆ. ಮಗಳು ಒಂಟಿಯಾಗಿ ಕೊರಗುವುದನ್ನು ನೋಡಲಾರದೆ ಅಪ್ಪನೇ ಇಬ್ಬರಿಗೂ ಮದುವೆ ಮಾಡಿಸುತ್ತಾನೆ. ಮದುವೆಯಾದದ್ದೇ ತಡ, ಮಗ್ಗದ ಸದ್ದು ನಿಂತು ಹೋಗುತ್ತದೆ, ದನಗಳು ಆಕಾಶದ ತುಂಬ ಚೆಲ್ಲಾಪಿಲ್ಲಿ. ಸಿಟ್ಟಾದ ಅಪ್ಪ ಇಬ್ಬರನ್ನೂ ನದಿಯ ಎರಡು ದಡಕ್ಕೆ ಕಳಿಸುತ್ತಾನೆ. ಮಗಳು ಅತ್ತಾಗ ಮನಸ್ಸು ಕರಗಿ, ಕೆಲಸ ಸರಿಯಾಗಿ ಮಾಡಿದರೆ ಏಳನೇ ತಿಂಗಳ ಏಳನೇ ದಿನ ಭೇಟಿ ಮಾಡಬಹುದು ಅನ್ನುತ್ತಾನೆ. ಆ ದಿನ ಬಂತು. ನದಿಗೆ ಸೇತುವೆಯೇ ಇಲ್ಲ! ಅವಳ ಅಳು ಕೇಳಿ ಹಕ್ಕಿಗಳ ಹಿಂಡು ಹಾರಿ ಬಂದು, ರೆಕ್ಕೆಗೆ ರೆಕ್ಕೆ ಸೇರಿಸಿ ಸೇತುವೆಯಾಗುತ್ತದೆ. ಆ ದಿನ ಮಳೆ ಬಂದರೆ ನದಿ ಉಕ್ಕುತ್ತದೆ, ಹಕ್ಕಿಗಳು ಬರುವುದಿಲ್ಲ. ಮುಂದಿನ ವರ್ಷದವರೆಗೂ ಕಾಯಬೇಕು.

ಆ ಹಕ್ಕಿಯ ಹೆಸರು ಕಸಸಾಗಿ. ಕಾಗೆ ಜಾತಿಯದು, ಕಪ್ಪು ಬಿಳುಪು ಮೈ, ಉದ್ದ ಬಾಲ. ಹೆಚ್ಚಾಗಿ ಇರುವುದು ದೂರದ ಕ್ಯೂಷು ದ್ವೀಪದ ಸಾಗಾ ಕಡೆ. ನಮ್ಮ ಮಕ್ಕಳಿರಲಿ, ಇಲ್ಲಿಯ ಜಪಾನಿ ಮಕ್ಕಳೂ ಅದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಾರೆ.

ಈಗ ಈ ಹಕ್ಕಿ ಪಾರ್ಟ್ ಎಂಥದ್ದು ಅಂತ ಹೇಳುತ್ತೇನೆ. ನಮ್ಮ 12 ಮಕ್ಕಳು, ಅವರ 8 ಮಕ್ಕಳು, ಒಟ್ಟು ಹತ್ತು ಜೋಡಿ. ಎದುರು ಬದುರು ಎರಡು ಸಾಲಾಗಿ ಒಂದು ಮಂಡಿಯೂರಿ ಕೂರುತ್ತಾರೆ. ಎರಡೂ ಕೈ ಮುಂದಕ್ಕೆ ಚಾಚಿರಬೇಕು, ಮೊಣಕೈ ಸ್ವಲ್ಪ ಬಾಗಿರಬೇಕು, ಎದುರಿನವರ ಬೆರಳ ತುದಿ ತಾಗಿಯೂ ತಾಗದಂತಿರಬೇಕು. ಒರಿಹಿಮೆ ನಡುವೆ ನಡೆದು ಬರುವಾಗ ಅವಳ ಒಂದೊಂದು ಹೆಜ್ಜೆಗೂ ಒಂದೊಂದು ಜೋಡಿ ರೆಕ್ಕೆ ತಗ್ಗಬೇಕು, ಅವಳು ದಾಟಿದ ಮೇಲೆ ನಿಧಾನಕ್ಕೆ ಏಳಬೇಕು. ಕೊನೆಯ ಜೋಡಿ ತಮ್ಮ ಸರದಿ ಬರುವವರೆಗೆ ಒಂದೂವರೆ ನಿಮಿಷ ಕೈ ಇಳಿಸುವ ಹಾಗಿಲ್ಲ. ಮನೆಯಲ್ಲಿ ನೀವೇ ಒಮ್ಮೆ ಕೈ ಚಾಚಿ ನಿಂತು ನೋಡಿ. ನಾನು ನಿಂತಿದ್ದೆ, ನಲವತ್ತು ಸೆಕೆಂಡಿಗೆ ಭುಜ ಉರಿಯತೊಡಗಿತು.

ಮೂರನೇ ಕ್ಲಾಸಿನ ಒಬ್ಬ ಹುಡುಗ ಆ ಕೊನೆಯ ಜೋಡಿಯಲ್ಲಿದ್ದಾನೆ. ಮೇ ತಿಂಗಳಲ್ಲಿ ಅವನ ಕೈ ನಡುಗುವಾಗ ಎದುರಿನ ಜಪಾನಿ ಹುಡುಗಿ ತುಟಿ ಅಲ್ಲಾಡಿಸದೆ "ಗಂಬಾತ್ತೆ", ಅಂದರೆ "ಬಿಡಬೇಡ, ಪ್ರಯತ್ನಿಸು", ಅನ್ನುತ್ತಿದ್ದಳು. ಕಳೆದ ಶನಿವಾರ ಅವಳ ಕೈ ಇಳಿಯತೊಡಗಿತು. ಇವನು ಪಿಸುಗುಟ್ಟಿದ್ದು ಅಪ್ಪಟ ಕನ್ನಡದಲ್ಲಿ. "ಗಟ್ಟಿಯಾಗಿ ಹಿಡ್ಕೋ, ಬಂದ್ಲು, ಬಂದ್ಲು!" ಅವಳ ಕೈ ಮೇಲೆದ್ದಿತು. ಒರಿಹಿಮೆ ದಾಟಿದಳು. ಆ ಪಾರ್ಟ್ ಚಿಕ್ಕದು ಅಂತ ಯಾರಾದರೂ ಅಂದರೆ ನನಗೆ ನಿಜವಾಗಿ ನೋವಾಗುತ್ತದೆ. ದಯವಿಟ್ಟು ಮಕ್ಕಳ ಎದುರು "ಬರೀ ಹಕ್ಕಿ" ಅನ್ನಬೇಡಿ.

ಒರಿಹಿಮೆ, ಹಿಕೊಬೋಷಿ ಆಗುವವರು ಐದು ವರ್ಷದಿಂದ ಬ್ಯಾಲೆ ಕಲಿತವರು. ನಮ್ಮ ಮಕ್ಕಳದ್ದು ಈಗಷ್ಟೇ ಮೂರನೇ ತಿಂಗಳು. ಭರತನಾಟ್ಯ ಕಲಿಯುವ ಹುಡುಗಿಯರಿಗೆ ಅರಮಂಡಿ ಅಭ್ಯಾಸ ಇರುವುದರಿಂದ ಪ್ಲಿಯೆ, ಅಂದರೆ ಬ್ಯಾಲೆಯಲ್ಲಿ ಮಂಡಿ ಬಗ್ಗಿಸುವುದು, ಬೇಗ ಬಂತು. ಆದರೆ ಪಾದ ತಟ್ಟಿ ತಟ್ಟಿ ರೂಢಿಯಾದವರಿಗೆ ಸದ್ದಿಲ್ಲದೆ ನೆಲ ಮುಟ್ಟುವುದು ಕಷ್ಟವಾಯಿತು. ಬೆರಳ ತುದಿಯ ಮೇಲೆ ನಿಲ್ಲುವ ಗಟ್ಟಿ ಶೂ ಯಾಕಿಲ್ಲ ಅಂತ ಇಬ್ಬರು ಕೇಳಿದ್ದೀರಿ. ಈ ವಯಸ್ಸಿನ ಪಾದದ ಮೂಳೆ ಇನ್ನೂ ಬಲಿತಿರುವುದಿಲ್ಲ. ವರ್ಷಗಟ್ಟಲೆ ಕಲಿತು, ಹನ್ನೊಂದು ಹನ್ನೆರಡು ದಾಟುವವರೆಗೆ ಮೆತ್ತನೆಯ ಶೂ ಸಾಕು. ಅಂಗಡಿಗೆ ಹೋಗಿ ಕೊಂಡು ತರಬೇಡಿ.

ಇನ್ನು ಇನ್ನೊಂದು ಪ್ರಶ್ನೆ. ಕನ್ನಡ ಕಲಿಯಲು ಕಳಿಸಿದರೆ ಜಪಾನಿನ ಕಥೆ, ಅದೂ ಬ್ಯಾಲೆ ಯಾಕೆ? ಕೇಳಬೇಕಾದ ಪ್ರಶ್ನೆಯೇ. ಈ ಕಥೆ ಜಪಾನಿಗೂ ಹೊರಗಿನಿಂದಲೇ ಬಂದದ್ದು, ಸಾವಿರ ವರ್ಷಕ್ಕೂ ಹಿಂದೆ ಚೀನಾದಿಂದ. ಬ್ಯಾಲೆಯೂ ಹಾಗೆಯೇ. ಎಲಿಯಾನಾ ಪಾವ್ಲೊವಾ ಎಂಬ ರಷ್ಯಾದ ಹೆಣ್ಣುಮಗಳು 1927ರಲ್ಲಿ ಕಾಮಾಕುರಾದಲ್ಲಿ ಬ್ಯಾಲೆ ಶಾಲೆ ತೆರೆದಳು. ಇವತ್ತು ಇಲ್ಲಿ ಬೀದಿಗೊಂದು ಬ್ಯಾಲೆ ಶಾಲೆ ಕಾಣುತ್ತದೆ.

ಕಥೆಯ ಆ ಇಬ್ಬರೂ ನಮಗೆ ಹೊಸಬರಲ್ಲ. ಒರಿಹಿಮೆ ಅಂದರೆ ವೀಗಾ ನಕ್ಷತ್ರ, ನಮ್ಮ ಹಿರಿಯರು ಅಭಿಜಿತ್ ಅಂದದ್ದು. ಹಿಕೊಬೋಷಿ ಅಂದರೆ ಆಲ್ಟೇರ್, ನಮ್ಮ ಶ್ರವಣ. ಜಪಾನಿಗರು ಈಗ ಜುಲೈ 7ಕ್ಕೆ ಹಬ್ಬ ಮಾಡುತ್ತಾರೆ, ಸೆಂದಾಯ್‌ನಲ್ಲಿ ಆಗಸ್ಟ್ 6ರಿಂದ 8. ಹಳೆಯ ಚಾಂದ್ರಮಾನದ ಲೆಕ್ಕ ಹಿಡಿದರೆ ಹೆಚ್ಚಿನ ವರ್ಷ ಅದು ಬೀಳುವುದು ನಮ್ಮ ಶ್ರಾವಣದಲ್ಲಿ, ನಾಗರಪಂಚಮಿ ಮುಗಿದ ಒಂದೆರಡು ದಿನಕ್ಕೆ! ಇದನ್ನು ಪಂಚಾಂಗ ತೆಗೆದು ತೋರಿಸಿದಾಗ ಮಕ್ಕಳ ಮುಖ ನೋಡಬೇಕಿತ್ತು.

ಕನ್ನಡವನ್ನೂ ಕಲಿತಿದ್ದಾರೆ. ಮೊದಲ ದೃಶ್ಯದಲ್ಲಿ ನಮ್ಮ ಐವರು ಬಿಳಿ ರಿಬ್ಬನ್ ಎಳೆದು ಹಿಡಿದು ಮಗ್ಗದ ಹಾಸು, ಅಂದರೆ ಉದ್ದದ ಎಳೆಗಳು, ಆಗುತ್ತಾರೆ. ಒರಿಹಿಮೆ ಅದರ ನಡುವೆ, ಅಡ್ಡ ನೂಲು ಒಯ್ಯುವ ಲಾಳಿಯ ಹಾಗೆ ಓಡುತ್ತಾಳೆ. "ಲಾಳಿ ಅಂದ್ರೆ ಏನು?" ಅಂತ ಮಕ್ಕಳು ಕೇಳಿದ ದಿನ ಗುಳೇದಗುಡ್ಡದಿಂದ ಬಂದಿದ್ದ ಒಬ್ಬ ಅಜ್ಜಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಖಣ ನೇಯುವ ಮನೆಯವರು. ಎದ್ದು ಬಂದು, ಬರಿಗೈಯಲ್ಲೇ ಲಾಳಿ ಎಸೆದು ತೋರಿಸಿದರು. ಎಡಗೈಯಿಂದ ಬಲಗೈಗೆ, ಮತ್ತೆ ಹಿಂದಕ್ಕೆ, ನಡುವೆ ಹಲಗೆ ಎಳೆದು ಒಂದು ಬಡಿತ. ಸೆನ್ಸೇ ಎರಡು ಸಲ ಮಾಡಿಸಿ ನೋಡಿದರು. ಒರಿಹಿಮೆಯ ಓಟಕ್ಕೆ ಕೊನೆಯಲ್ಲಿ ಆ ಬಡಿತ ಸೇರಿಸಿದರು. ಜುಲೈ 5ರಂದು ಅದನ್ನು ಗಮನಿಸಿ. ಅದು ಆ ಅಜ್ಜಿಯ ಕೈ.

ಅಜ್ಜಿ ಈಗ ಊರಿಗೆ ಹೋಗಿದ್ದಾರೆ. ವರ್ಷಕ್ಕೊಮ್ಮೆ ಭೇಟಿ ಅಂತ ಕಥೆ ಹೇಳಿದಾಗ ಅವರ ಮೊಮ್ಮಗಳು ತಟ್ಟನೆ "ನಮ್ಮ ಅಜ್ಜಿ ಥರ" ಅಂದಳು. ಯಾವ ಮಗುವೂ ನಗಲಿಲ್ಲ. ಎಲ್ಲರ ಮನೆಯಲ್ಲೂ ಅದೇ ಲೆಕ್ಕ ಅಲ್ವಾ?

ಈ ಪತ್ರದ ಜೊತೆ ಒಂದು ಉದ್ದನೆಯ ಬಣ್ಣದ ಕಾಗದ ಇಟ್ಟಿದ್ದೇನೆ. ಅದು ತಂಝಾಕು. ಆಸೆ ಬರೆದು ಬಿದಿರಿನ ಕೊಂಬೆಗೆ ಕಟ್ಟುವುದು ಈ ಹಬ್ಬದ ಪದ್ಧತಿ. ಹಿಂದೆ ಜನ ಕೇಳಿಕೊಳ್ಳುತ್ತಿದ್ದದ್ದು ನೇಯ್ಗೆ, ಹೊಲಿಗೆ, ಅಕ್ಷರ ಚೆನ್ನಾಗಿ ಬರಲಿ ಅಂತ. ಬೆಳಗ್ಗೆ ಕೆಸುವಿನೆಲೆಯ ಮೇಲೆ ನಿಂತ ಇಬ್ಬನಿ ತಂದು ಅದರಲ್ಲಿ ಮಸಿ ತೇಯುತ್ತಿದ್ದರಂತೆ. ನಮಗೆ ಕೆಸುವಿನೆಲೆ ಅಂದರೆ ಪತ್ರೊಡೆ, ಅವರಿಗೆ ಮಸಿಯ ನೀರು.

ಕಾಗದವನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನೆ ಬಿಟ್ಟುಬಿಡಿ. ಕನ್ನಡದಲ್ಲಿ ಬರೆಯಲಿ, ಕಾಗುಣಿತ ತಪ್ಪಿದರೂ ಪರವಾಗಿಲ್ಲ, ತಿದ್ದಬೇಡಿ. ಮುಖ್ಯವಾಗಿ, ಏನು ಬರೆಯಬೇಕು ಅಂತ ಹೇಳಿಕೊಡಬೇಡಿ. ಕಳೆದ ವರ್ಷ ಒಂಬತ್ತು ಕಾಗದದಲ್ಲಿ "ನಾನು ಫಸ್ಟ್ ರ‍್ಯಾಂಕ್ ಬರಬೇಕು" ಅಂತ ಇತ್ತು. ಒಂಬತ್ತೂ ದೊಡ್ಡವರ ಕೈಬರಹ. ಹತ್ತನೆಯದರಲ್ಲಿ ಒಂದು ಮಗು "ಅಪ್ಪ ರಾತ್ರಿ ಊಟಕ್ಕೆ ಬರಲಿ" ಅಂತ ತಾನೇ ಬರೆದಿತ್ತು. ಅದನ್ನು ಕೊಂಬೆಗೆ ಕಟ್ಟುವಾಗ ನನ್ನ ಕೈ ಸ್ವಲ್ಪ ಹೊತ್ತು ತಡೆಯಿತು. ಅಂಥ ಮಾತು ನಿಮ್ಮ ಮಗು ಬರೆದರೆ ಬೇಜಾರು ಮಾಡಿಕೊಳ್ಳಬೇಡಿ, ಬದಲಾಯಿಸಲೂ ಬೇಡಿ.

ಆ ದಿನ ಮಕ್ಕಳನ್ನು 12 ಗಂಟೆಗೆ ಕರೆತನ್ನಿ. ಹೆಣ್ಣುಮಕ್ಕಳಿಗೆ ಕೂದಲು ಬಿಗಿಯಾಗಿ ಎತ್ತಿ ಗಂಟು ಕಟ್ಟಿರಲಿ. ಕಾಲ್ಗೆಜ್ಜೆ, ಬಳೆ ಮನೆಯಲ್ಲೇ ತೆಗೆದಿಡಿ. ಪ್ರದರ್ಶನ ನಡೆಯುವಾಗ ಫೋಟೋ, ವಿಡಿಯೋ ಬೇಡ. ಬೇರೆ ಮಕ್ಕಳ ಮುಖ ಅವರ ಮನೆಯವರನ್ನು ಕೇಳದೆ ನಮ್ಮ ಸ್ಟೇಟಸ್‌ನಲ್ಲಿ ಹೋಗಬಾರದು.

ತನಬಾತಕ್ಕೆ ಇಲ್ಲಿ ಸೋಮೆನ್ ತಿನ್ನುತ್ತಾರೆ, ನಮ್ಮ ಶ್ಯಾವಿಗೆಯಂಥದ್ದು. ಅದ್ದಿಕೊಳ್ಳುವ ರಸಕ್ಕೆ ಸಾಮಾನ್ಯವಾಗಿ ಮೀನಿನ ಸಾರ ಹಾಕಿರುತ್ತಾರೆ. ಆದ್ದರಿಂದ ಸಸ್ಯಾಹಾರಿ ಮಕ್ಕಳಿಗೆ ಅದೇ ಸೋಮೆನ್‌ಗೆ ನಿಂಬೆಹಣ್ಣು ಹಿಂಡಿ ಒಗ್ಗರಣೆ ಹಾಕಿ ತರಲು ಇಬ್ಬರು ಅಮ್ಮಂದಿರು ಒಪ್ಪಿದ್ದಾರೆ. ಇನ್ನಿಬ್ಬರು ಬೇಕು.

ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಮೋಡ ಬಿಟ್ಟ ರಾತ್ರಿ 9ರ ಹೊತ್ತಿಗೆ ಮಕ್ಕಳನ್ನು ಬಾಲ್ಕನಿಗೋ ಪಾರ್ಕಿಗೋ ಕರೆದುಕೊಂಡು ಹೋಗಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ. ಟೋಕಿಯೋದ ಬೆಳಕಿನಲ್ಲಿ ಆಕಾಶಗಂಗೆ ಕಾಣುವುದಿಲ್ಲ, ಆದರೆ ಇವರಿಬ್ಬರೂ ಕಾಣುತ್ತಾರೆ. ಎತ್ತರದಲ್ಲಿ ಬೆಳ್ಳಗೆ ಹೊಳೆಯುವುದು ಒರಿಹಿಮೆ. ಅವಳಿಂದ ಕೆಳಗೆ, ಬಲಕ್ಕೆ ಹಿಕೊಬೋಷಿ. ನಡುವಿನ ದೂರ ಸುಮಾರು 15 ಬೆಳಕಿನ ವರ್ಷ. ಯಾವುದು ಯಾರು ಅಂತ ಮಕ್ಕಳೇ ತೋರಿಸುತ್ತಾರೆ, ಕೇಳಿ ನೋಡಿ.

ತಂಝಾಕು 28ರ ಭಾನುವಾರದೊಳಗೆ ನನಗೆ ತಲುಪಲಿ. ಬಿದಿರಿನ ಕೊಂಬೆ ಹೊತ್ತು ತರಲು ಒಬ್ಬರು ಅಪ್ಪ ಬೇಕು, ಎತ್ತರದವರಾದರೆ ಒಳ್ಳೆಯದು.

ನಿಮ್ಮ,
ಮುಖ್ಯ ಶಿಕ್ಷಕಿ