ಪೆನ್ಸಿಲ್ ಗೆರೆ

ಮಧುಗಿರಿ
ಭಾನುವಾರ ರಾತ್ರಿ

ಚಿ. ಸೌ. ಪುಟ್ಟಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಬಸ್ಸು ಸಿಕ್ಕಿತು. ಕೊರಟಗೆರೆಯಲ್ಲಿ ಸೀಟೂ ಸಿಕ್ಕಿತು. ನೀನು ಕಟ್ಟಿಕೊಟ್ಟ ತಟ್ಟೆ ಇಡ್ಲಿ ಹಾಗೇ ಮನೆಗೆ ಬಂತು. ಯಾಕೆ ತಿನ್ನಲಿಲ್ಲ ಅಂತ ನಿಮ್ಮಮ್ಮ ಕೇಳಿದಳು. ಹಸಿವಿರಲಿಲ್ಲ ಅಂದೆ. ಅವಳು ನಂಬಲಿಲ್ಲ.

ನಿನ್ನ ಮನೆಯಲ್ಲಿ ಏನೇನು ಮಾತಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಇಬ್ಬರಿಗೂ ಗೊತ್ತು. ಅಳಿಯಂದಿರ ಎದುರಿಗೆ ನಾನು ಆ ಮಾತು ಆಡಬಾರದಿತ್ತು. ಆದರೆ ನೀನು ಕೊನೆಗೆ ಒಂದು ಮಾತು ಅಂದೆಯಲ್ಲ, ಅದಕ್ಕೆ ಉತ್ತರ ಬಾಕಿ ಇದೆ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ. ಅದಕ್ಕೇ ಕಾಗದ.

"ನಮ್ಮ ಮನೆ ಸೋರುವಾಗ ನೀವು ನವಿಲು ಮಾಡ್ತಿದ್ರಿ."

ನಿಜ, ಮಾಡುತ್ತಿದ್ದೆ. ಬಾಗಿಲ ಮೇಲೆ ಎರಡು ನವಿಲು, ನಡುವೆ ಕಮಲ, ಎಲ್ಲ ಸಿಮೆಂಟಿನಲ್ಲಿ ತಿದ್ದಿದ್ದು. ಮೇಸ್ತ್ರಿಯನ್ನು ಹುಡುಕಿಕೊಂಡು ಬಂದವರು ಮೊದಲು ನೋಡುವುದು ಮೇಸ್ತ್ರಿಯ ಮನೆ ಮುಂಭಾಗವನ್ನು ಅನ್ನುವುದು ನನ್ನ ಲೆಕ್ಕ. ಆ ನವಿಲುಗಳಿಂದ ಕೆಲಸವೂ ಬಂತು, ಸುಳ್ಳು ಹೇಳಲ್ಲ. ಒಳಗೆ ಮಾಳಿಗೆಯ ಕಲ್ಲು ಚಪ್ಪಡಿಗಳ ಸಂದು ಬಿಟ್ಟಿದ್ದು ನನಗೆ ಎರಡು ವರ್ಷದಿಂದ ಗೊತ್ತಿತ್ತು. ಹಳೇ ಗಾರೆ ಕಿತ್ತು, ಸುಣ್ಣ, ಇಟ್ಟಿಗೆ ಪುಡಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಸಂದು ತುಂಬಬೇಕಿತ್ತು. ನನಗೆ ಮೀಸೆ ಬರುವ ಮುಂಚೆಯೇ ನಮ್ಮಪ್ಪ ಕಲಿಸಿದ್ದ ಕೆಲಸ ಅದು. ಹೆಚ್ಚೆಂದರೆ ಮೂರು ದಿನ. ಆ ಮೂರು ದಿನ ಬೇರೆಯವರ ಮನೆಗೆ ಹೋದರೆ ಶನಿವಾರ ಬಟವಾಡೆ ಬರುತ್ತಿತ್ತು. ಬರುವ ಬೇಸಿಗೆಗೆ ನೋಡೋಣ, ಬರುವ ಬೇಸಿಗೆಗೆ ನೋಡೋಣ ಅಂತ ತಳ್ಳಿದೆ.

ಚಿತ್ತೆ ಮಳೆಗೆ ನಿನ್ನ ವಿಜ್ಞಾನದ ರೆಕಾರ್ಡು ನೆನೆಯಿತು. ಹತ್ತನೇ ಕ್ಲಾಸು. ಹೃದಯದ ಚಿತ್ರಕ್ಕೆ ನೀನು ಒಂದು ವಾರ ಕೂತಿದ್ದೆ. ಕೆಂಪು ನೀಲಿಗೆ ಇಳಿದು ಬದನೆಕಾಯಿ ಬಣ್ಣವಾಗಿತ್ತು. ನೀನು ಅಳಲಿಲ್ಲ. ಅತ್ತಿದ್ದರೆ ನಾನು ಎರಡು ಬೈದು, ಮಾರನೇ ದಿನ ಮಾಳಿಗೆ ಹತ್ತುತ್ತಿದ್ದೆನೋ ಏನೋ. ಬೆಳಗ್ಗೆ ನೋಡಿದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಏಳು ಸುತ್ತು. ಹನಿ ಬೀಳುವ ಕಡೆಯೆಲ್ಲ ಒಂದೊಂದು. ಮೋಡ ಕಟ್ಟಿದ ಕೂಡಲೇ ಪಾತ್ರೆ ಎಲ್ಲಿಡಬೇಕು ಅಂತ ಗುರುತು. ದೊಡ್ಡ ಸುತ್ತಿಗೆ ಬಕೆಟ್ಟು, ಚಿಕ್ಕದಕ್ಕೆ ಬೋಸಿ, ಗೋಡೆ ಪಕ್ಕದ್ದಕ್ಕೆ ಚೊಂಬು. ನಿಮ್ಮಮ್ಮ ಒರೆಸಿದಳು. ನೀನು ಮತ್ತೆ ಬರೆದೆ. ಮತ್ತೆ ಒರೆಸಿದಳು, ಮತ್ತೆ ಬರೆದೆ. ಕಾರ್ತಿಕ ಕಳೆಯುವವರೆಗೂ ಇತ್ತು. ಅಪ್ಪ ರಿಪೇರಿ ಮಾಡ್ತಾರೆ ಅಂತ ಒಂದು ದಿನವಾದರೂ ಅನ್ನಿಸಿದ್ದರೆ ಮತ್ತೆ ಮತ್ತೆ ಬರೆಯುತ್ತಿರಲಿಲ್ಲ, ಅಲ್ವಾ?

ಮೊನ್ನೆ ನಿನ್ನ ಕ್ಯಾತ್ಸಂದ್ರದ ಮನೆಯಲ್ಲಿ ಕಾಫಿ ಕುಡಿಯುತ್ತಾ ತಲೆ ಎತ್ತಿದೆ. ಮಾಳಿಗೆಗೆ ಅಂಟಿದ ಒದ್ದೆ ಕಲೆ. ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ, ಪಕ್ಕದಲ್ಲಿ ತಾರೀಕು. ಅದರಾಚೆ ಇನ್ನೊಂದು ಗೆರೆ, ಇನ್ನೊಂದು ತಾರೀಕು. ಯುಗಾದಿ ಆದಮೇಲೆ ಬಿದ್ದ ಎರಡು ಮಳೆಗೆ ಎರಡು ಗೆರೆ. ಕಲೆ ಹರಡುತ್ತಿದೆಯಾ ನಿಂತಿದೆಯಾ ಅಂತ ತಿಳಿಯಲು ಅದಕ್ಕಿಂತ ಒಳ್ಳೇ ದಾರಿ ಇಲ್ಲ. ನಾನು ಕಲಿಸಿದ್ದಲ್ಲ. ನನಗೆ ಮಾತ್ರ ಆ ಏಳು ಸುತ್ತು ಕಂಡವು. ಆಮೇಲೆ ನಾನು ಆಡಿದ್ದೆಲ್ಲ ನಿನ್ನ ಮನೆಯನ್ನು ಅಂದಿದ್ದಲ್ಲ ಪುಟ್ಟಿ. ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ.

ಸರಿ, ಈಗ ಮನೆ ವಿಷಯ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡ.

ನಿನ್ನ ಹತ್ತಿರ ಉಳಿದಿರುವುದು 1,40,000. ಅದರಲ್ಲಿ ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್ ಎರಡೂ ಆಗಬೇಕು ಅನ್ನುತ್ತೀಯ. ಸೋರುವ ಮಾಳಿಗೆ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಮೊದಲು ಮುಚ್ಚಿಹೋಗುವುದು ನಿನ್ನ ಪೆನ್ಸಿಲ್ ಗೆರೆ. ನೀರು ಒಳಗೊಳಗೇ ಇಳಿಯುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ, ಉಬ್ಬಿದ ತುಕ್ಕು ಕಾಂಕ್ರೀಟನ್ನು ಒದ್ದು ಬೀಳಿಸುತ್ತದೆ. ಜಿಪ್ಸಮ್ ಹಲಗೆ ನೆನೆದು ಜೋತುಬೀಳುವಾಗ ನಿನಗೆ ಗೊತ್ತಾಗುತ್ತದೆ. ನವಿಲು ಮಾಡಿದವನು ಹೇಳುತ್ತಿದ್ದೇನೆ, ಕೇಳು.

ನೀನು ಅಡುಗೆಮನೆಗೆ ಹೋದಾಗ ನಾನು ತಾರಸಿ ಹತ್ತಿ ನೋಡಿದೆ. ದೊಡ್ಡ ರೋಗ ಏನೂ ಇಲ್ಲ. ಸಿಂಟೆಕ್ಸ್ ಪಕ್ಕದಲ್ಲಿ ವಾಟ ಇಲ್ಲ, ನೀರು ನಿಂತು ಪಾಚಿ ಕಟ್ಟಿದೆ. ಹತ್ತು ಅಡಿಗೆ ಒಂದು ಇಂಚಾದರೂ ಇಳಿಜಾರು ಬೇಕು. ಪೈಪಿನ ಬಾಯಿಗೆ ಹೊಂಗೆ ಎಲೆ ಸಿಕ್ಕಿಕೊಂಡಿತ್ತು, ತೆಗೆದು ಬಂದೆ. ನಿನ್ನ ಕಲೆಗೆ ಕಾರಣ ಪ್ಯಾರಾಪೆಟ್ ಗೋಡೆ ಮತ್ತು ತಾರಸಿ ಕೂಡುವ ಮೂಲೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಬಿರುಕಿನ ಮೇಲೆ ಸುಮ್ನೆ ಪೇಂಟ್ ಬಳಿಯಲು ಬಿಡಬೇಡ. ಉಳಿಯಲ್ಲಿ ಅಗಲ ಮಾಡಿ, ಧೂಳು ತೆಗೆದು, ಕ್ರ್ಯಾಕ್ ಫಿಲ್ಲರ್ ತುಂಬಬೇಕು. ಆಮೇಲೆ ಆ ಮೂಲೆಯುದ್ದಕ್ಕೂ ಸಿಮೆಂಟ್ ಮಾಲು ಹಾಕಿ ಬಾಣಲೆ ಅಂಚಿನ ಹಾಗೆ ಬಾಗಿಸಬೇಕು. ಒಂದು ಮೂಟೆ ಸಿಮೆಂಟಿಗೆ 200 ಎಂಎಲ್ ವಾಟರ್‌ಪ್ರೂಫ್ ಲಿಕ್ವಿಡ್, ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಆಗಲ್ಲ. ಏಳು ದಿನ ನೀರು ಕುಡಿಸಬೇಕು. ಒಣಗಿದ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಬಿಳಿ ಬಣ್ಣದ್ದೇ ತಗೋ, ಬೇಸಿಗೆಯಲ್ಲಿ ಒಳಗೆ ಕಾವು ಕಡಿಮೆಯಾಗುತ್ತದೆ. ಪೈಪು ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ನೋಡಿ, ಆಮೇಲೆ ಮೇಸ್ತ್ರಿಗೆ ಬಾಕಿ ಕೊಡು. ಇದು ನಾನೇ ಮೇಸ್ತ್ರಿಯಾಗಿ ಹೇಳುತ್ತಿರುವ ಗುಟ್ಟು.

ಇಷ್ಟೆಲ್ಲ ಭರಣಿ ಮಳೆಗೆ ಮುಂಚೆ ಆಗಬೇಕು. ಒದ್ದೆ ತಾರಸಿಗೆ ಈ ಕೋಟಿಂಗು ಹಿಡಿಯುವುದಿಲ್ಲ.

ಇನ್ನೊಂದು ಲೆಕ್ಕ. ಒಂದು ಚದರ, ಅಂದರೆ ನೂರು ಚದರ ಅಡಿ, ತಾರಸಿ ಮೇಲೆ ಒಂದು ಇಂಚು ಮಳೆ ಬಿದ್ದರೆ 236 ಲೀಟರು. ನಿನ್ನದು ಎಂಟು ಚದರ, 1,900 ಲೀಟರಿನ ಹತ್ತಿರ. ಬುಗುಡನಹಳ್ಳಿ ಕೆರೆಯಿಂದ ನಲ್ಲಿಗೆ ನೀರು ಯಾವಾಗ ಬಿಡುತ್ತಾರೋ ಅಂತ ರಾತ್ರಿ ಎದ್ದು ಕಾಯುತ್ತೀಯಲ್ಲ. ತಾರಸಿಯ ಪೈಪನ್ನು ಒಂದು ಸೋಸುವ ಡ್ರಮ್ಮಿನ ಮೂಲಕ ಸಂಪ್ ತೊಟ್ಟಿಗೆ ತಿರುಗಿಸಿದರೆ ಆಯಿತು. ಮೊದಲ ಮಳೆಯ ಕೊಳೆ ನೀರು ಮಾತ್ರ ಹೊರಗೆ ಬಿಡು.

ಅಡುಗೆಮನೆಗೆ ಜಾಸ್ತಿ ಹೇಳಲ್ಲ. ಕಡಪಾ ಕಲ್ಲಿನ ಶೆಲ್ಫುಗಳು ಗಟ್ಟಿಮುಟ್ಟಾಗಿವೆ, ಬಾಗಿಲು ಮಾತ್ರ ಹಾಕಿಸು. ಕಿತ್ತರೆ ಅಷ್ಟು ಗಟ್ಟಿ ಮತ್ತೆ ಬರಲ್ಲ. ಬಚ್ಚಲು ಗೋಡೆಯ ಆಚೆ ಕಡೆ ಉಪ್ಪು ಬಿಟ್ಟಿದೆ. ಅಲ್ಲಿ ಪ್ಲಾಸ್ಟರಿಂಗ್ ಕಿತ್ತು ಗೋಡೆ ಒಣಗಲು ಬಿಡು. ಅವಸರಕ್ಕೆ ಪುಟ್ಟಿ ಬಳಿದರೆ ಆರು ತಿಂಗಳಿಗೆ ಸಿಪ್ಪೆ ಏಳುತ್ತದೆ. (ನಿನ್ನ ಹೆಸರಿನ ಪುಟ್ಟಿ ಅಲ್ಲ, ಗೋಡೆಗೆ ಬಳಿಯುವ ಪುಟ್ಟಿ. ನಿಮ್ಮಮ್ಮ ಇದನ್ನು ಓದಿ ನಗುತ್ತಿದ್ದಾಳೆ.)

ತಾರಸಿ, ವೈರಿಂಗ್, ಶೆಲ್ಫಿನ ಬಾಗಿಲು ಎಲ್ಲ ಸೇರಿ 80,000 ದಾಟಲ್ಲ ಅಂತ ನನ್ನ ಅಂದಾಜು. ಮಿಕ್ಕಿದ್ದನ್ನು ಮುಟ್ಟಬೇಡ. ಮನೆ ಸಾಲದ ಕಂತು ಕಟ್ಟುವವರ ಕೈಲಿ ನಾಲ್ಕು ಕಾಸು ಇರಬೇಕು. ಸಾಲದ ಮೇಲೆ ಇನ್ನೊಂದು ಸಾಲ ಮಾಡಿ ಮನೆ ಚಂದ ಮಾಡಿಸಿದವರನ್ನು ಬಹಳ ನೋಡಿದ್ದೇನೆ. ಅವರ ಮನೆಯಲ್ಲೇ ನನ್ನ ಕೊನೇ ವಾರದ ಕೂಲಿ ನಿಲ್ಲುತ್ತಿತ್ತು. ನೋಡು, ಬೈಯಲ್ಲ ಅಂದು ಶುರು ಮಾಡಿದವನು ಎಲ್ಲಿಗೆ ಬಂದೆ.

ನಮ್ಮ ವಂಶದಲ್ಲಿ ಮನೆ ಕಟ್ಟಿದವರು ಬಹಳ ಜನ. ಎಲ್ಲ ಬೇರೆಯವರ ಮನೆ. ಸ್ವಂತ ಸಂಬಳದಲ್ಲಿ ಮನೆ ಕೊಂಡವಳು ನೀನೊಬ್ಬಳು. ಇದನ್ನು ಬಾಗಿಲು ದಾಟುವಾಗಲೇ ಹೇಳಬೇಕು ಅಂತ ಬಸ್ಸಿನಲ್ಲಿ ಬರುವಾಗ ಅಂದುಕೊಂಡಿದ್ದೆ. ಇಪ್ಪತ್ತೈದು ವರ್ಷದ ಹಳೇ ಮನೆ ಅಂದೆನಲ್ಲ, ತಳಪಾಯ ನೋಡಿದ್ದೇನೆ. ಗೋಡೆ ತೂಕ ತಪ್ಪಿಲ್ಲ. ಕಟ್ಟಿದವನು ಯಾರೋ, ಕೈ ಒಳ್ಳೇದಿತ್ತು.

ಆ ಹೃದಯದ ಚಿತ್ರ ಮತ್ತೆ ಬರೆದೆಯಲ್ಲ. ಟಾರ್ಚು ಹಿಡಿದುಕೊಳ್ಳಲಾ ಅಂತ ಕೇಳಿದ್ದೆ. ನೀನು ಬೇಡ ಅಂದೆ. ನಾನು ಹೋಗಿ ಮಲಗಿದೆ.

ಕರಣೆ, ರಸಮಟ್ಟ ಎರಡನ್ನೂ ಒರೆಸಿ ಚೀಲಕ್ಕೆ ಹಾಕಿಟ್ಟಿದ್ದೇನೆ. ಮಂಡಿ ನೋವಿನಲ್ಲಿ ಏಣಿ ಹತ್ತಬೇಡಿ ಅಂತ ನಿಮ್ಮಮ್ಮನ ವರಾತ. ಒಬ್ಬ ಕೈಯಾಳು ಸಿಕ್ಕರೆ ಆ ಮೂಲೆ ನಾನೇ ತಿದ್ದುತ್ತೇನೆ. ಕರೆದರೆ ಬರುತ್ತೇನೆ. ಕರೆಯದಿದ್ದರೆ, ಮೇಲೆ ಬರೆದದ್ದನ್ನು ಅಲ್ಲಿನ ಮೇಸ್ತ್ರಿಗೆ ಓದಿ ಹೇಳು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಪಾಪುಗೆ ಮುತ್ತು.

ನಿನ್ನ ಅಪ್ಪ

ತಾ.ಕ.: ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ನೀನು ನಗುತ್ತಾ ಹೇಳಿದೆ. ಅದು ನಗುವ ವಿಷಯ ಅಲ್ಲ. ತಾರಸಿಗಿಂತ ಮೊದಲು ಅದು ಆಗಬೇಕು. ವೈರಿಂಗಿನವರನ್ನು ಕರೆಸಿ ಅರ್ತಿಂಗ್ ನೋಡಿಸು, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು) ಹಾಕಿಸು, ಗೀಸರಿಗೆ 4 ಸ್ಕ್ವೇರ್ ಎಂಎಂ ವೈರು ಬೇರೆ ಎಳೆಸು. ಅಲ್ಲಿವರೆಗೆ ಪಾಪುಗೆ ಒಲೆ ಮೇಲೆ ನೀರು ಕಾಯಿಸು. ಮಳೆ ಬಂದ ಬೆಳಗ್ಗೆ ಗೆರೆ ದಾಟಿದೆಯಾ ಅಂತ ನೋಡಿ ಫೋನ್ ಮಾಡು. ದನಿ ಏರಿಸಲ್ಲ.