ಒಂದೇ ಬ್ಯಾರಲ್ಲಿನ ಎಣ್ಣೆ ಇನ್ನಿಲ್ಲ: ಜೀಪ್, ಜಿಪ್ಸಿ ಇಟ್ಟುಕೊಂಡಿರುವ ನಮ್ಮ ಗ್ರಾಹಕರಿಗೆ

ಮಂಡ್ಯ

ಮಾನ್ಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಗ್ಯಾರೇಜಿನಲ್ಲಿ ಬ್ಯಾರಲ್‌ನಿಂದ ಅಳೆದು ಕೊಡುತ್ತಿದ್ದ ಬಿಡಿ ಗೇರ್ ಎಣ್ಣೆ ಸಿಗುವುದಿಲ್ಲ. ‘ತೊಂಬತ್ತು ನಂಬರ್ ಐದು ಲೀಟರ್ ಹಾಕಿ’ ಎಂದು ಕ್ಯಾನ್ ಹಿಡಿದು ಬರುವವರಿಗೆ ಇನ್ನು ನಾಲ್ಕು ಬೇರೆ ಬೇರೆ ಡಬ್ಬಿ ಕೊಡುತ್ತೇವೆ. ಗೇರ್‌ಬಾಕ್ಸಿಗೆ ಒಂದು, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಒಂದು, ಮುಂದಿನ ಹೌಸಿಂಗಿಗೆ (ಎರಡು ಚಕ್ರಗಳ ನಡುವಿನ ಆಕ್ಸಲ್ ಪೆಟ್ಟಿಗೆಗೆ) ಒಂದು, ಹಿಂದಿನ ಹೌಸಿಂಗಿಗೆ ಒಂದು. ಡ್ರೈನ್ ಪ್ಲಗ್ಗಿನ ಹೊಸ ವಾಷರ್‌ಗಳೂ ಜೊತೆಗಿರುತ್ತವೆ. ನಮ್ಮ ಕಡೆಯಿಂದ ಒಂದು ಷರತ್ತು: ಇಳಿಸಿದ ಹಳೆ ಎಣ್ಣೆಯ ಮಾದರಿಯನ್ನು ನಾಲ್ಕು ಸಣ್ಣ ಬಾಟಲಿಗಳಲ್ಲಿ ನಮಗೆ ತಂದು ತೋರಿಸಬೇಕು. ಬಿಡಿ ಎಣ್ಣೆಗಿಂತ ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ನಿಜ. ಆದರೆ ಎಣ್ಣೆ ಬದಲಿಸುವ ಕೆಲಸವನ್ನು ನೀವೇ ಮನೆಯ ಅಂಗಳದಲ್ಲಿ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ್ದೆಲ್ಲ ಈ ಪತ್ರದಲ್ಲೇ ಬರೆದಿದ್ದೇವೆ.

ಯಾಕೆ ಈ ಬದಲಾವಣೆ ಅಂದರೆ, ‘ತೊಂಬತ್ತು’ ಅನ್ನುವ ಸಂಖ್ಯೆ ಎಣ್ಣೆ ಎಷ್ಟು ಮಂದ ಅನ್ನುವುದನ್ನು ಮಾತ್ರ ಹೇಳುತ್ತದೆ. ಅದರೊಳಗೆ ಏನು ಬೆರೆಸಿದ್ದಾರೆ ಅನ್ನುವುದನ್ನು ಹೇಳುವುದು ಡಬ್ಬಿಯ ಮೇಲಿರುವ ಇನ್ನೊಂದು ಗುರುತು, ಜಿಎಲ್-4 ಅಥವಾ ಜಿಎಲ್-5. ಹೌಸಿಂಗಿನೊಳಗೆ ಪಿನಿಯನ್ (ಸಣ್ಣ ಹಲ್ಲುಚಕ್ರ) ಇರುವುದು ಅದು ತಿರುಗಿಸುವ ದೊಡ್ಡ ಕ್ರೌನ್ ಚಕ್ರದ ನಡುಮಧ್ಯಕ್ಕಿಂತ ಸ್ವಲ್ಪ ಪಕ್ಕಕ್ಕೆ ಸರಿದು. ಹಾಗಾಗಿ ಆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉಜ್ಜಿಕೊಂಡು ಜಾರುತ್ತವೆ. ಲೋಡ್ ಬಿದ್ದಾಗ ಬರೀ ಎಣ್ಣೆಯ ಪೊರೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅಲ್ಲಿ ಉಕ್ಕನ್ನು ಕಾಯುವುದು ಜಿಎಲ್-5ರಲ್ಲಿ ಬೆರೆಸಿರುವ ಗಂಧಕ, ರಂಜಕದ ಅಂಶ. ಜಿಎಲ್-4ರಲ್ಲಿ ಇದು ಸುಮಾರು ಅರ್ಧದಷ್ಟೇ ಇರುತ್ತದೆ.

ಗೇರ್‌ಬಾಕ್ಸಿನ ಕಥೆಯೇ ಬೇರೆ. ಅಲ್ಲಿ ಹಿತ್ತಾಳೆಯ ಸಿಂಕ್ರೋ ರಿಂಗುಗಳಿವೆ. ಗೇರ್ ಬೀಳುವ ಮುಂಚೆ ಆ ರಿಂಗು ಗೇರಿನ ಕೋನಿಗೆ ಉಜ್ಜಿಕೊಂಡು, ಬ್ರೇಕ್ ಹಿಡಿದ ಹಾಗೆ ಎರಡರ ವೇಗವನ್ನೂ ಸಮ ಮಾಡಬೇಕು. ಜಿಎಲ್-5 ಹಾಕಿದರೆ ಎರಡು ತೊಂದರೆ. ಎಣ್ಣೆ ಅತಿ ಜಾರಾಗಿ ರಿಂಗು ಹಿಡಿಯುವುದಿಲ್ಲ, ಎರಡನೇ ಗೇರಿಗೆ ಹಾಕುವಾಗ ‘ಕರ್’ ಎನ್ನುತ್ತದೆ. ಇನ್ನೊಂದು, ಉಕ್ಕನ್ನು ಕಾಯುವ ಅದೇ ಗಂಧಕ ಹಿತ್ತಾಳೆಯನ್ನು ನಿಧಾನಕ್ಕೆ ಸವೆಸುತ್ತದೆ. ಎಲ್ಲ ಕಂಪನಿಯ ಜಿಎಲ್-5 ಎಣ್ಣೆಯೂ ಒಂದೇ ಸಮ ಕೆಡಿಸುವುದಿಲ್ಲ. ಆದರೂ ರಿಂಗು ಸಿಗುವುದೇ ಕಷ್ಟವಾಗಿರುವ ಹಳೆ ಪೆಟ್ಟಿಗೆಯಲ್ಲಿ ಪರೀಕ್ಷೆ ಮಾಡಿ ನೋಡುವುದು ಬೇಡ. ತಿರುವುಮುರುವಾಗಿ ಹೌಸಿಂಗಿಗೆ ಜಿಎಲ್-4 ಹಾಕಿದರೆ ಕ್ರೌನ್-ಪಿನಿಯನ್ ಹಲ್ಲಿನ ಮುಖ ಗೀರಿಕೊಂಡು, ರಸ್ತೆಯಲ್ಲಿ ಒಂದೇ ಸಮ ‘ಊಂ’ ಎನ್ನುವ ಸದ್ದು ಶುರುವಾಗುತ್ತದೆ. ಶುರುವಾದ ಮೇಲೆ ಒಳ್ಳೆ ಎಣ್ಣೆ ಹಾಕಿದರೂ ಆ ಸದ್ದು ನಿಲ್ಲದು. ಒಂದೇ ಬ್ಯಾರಲ್ ಇವೆರಡಕ್ಕೂ ಆಗುವುದಿಲ್ಲ ಅನ್ನುವುದು ಇದಕ್ಕೇ.

ಆದ್ದರಿಂದ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಡಬ್ಬಿಗಳ ಮೇಲೆ ಹಸಿರು ಪಟ್ಟಿ, ಜಿಎಲ್-4. ಎರಡು ಹೌಸಿಂಗ್ ಡಬ್ಬಿಗಳ ಮೇಲೆ ಕೆಂಪು ಪಟ್ಟಿ, ಜಿಎಲ್-5. ಎರಡರ ಮಂದತೆಯೂ 80ಡಬ್ಲ್ಯೂ-90, ನಮ್ಮ ಮಂಡ್ಯ, ಮೈಸೂರಿನ ಹವೆಗೆ ಇದು ಸರಿಹೊಂದುತ್ತದೆ. 1996ರಿಂದ ಬಂದ 1298 ಸಿಸಿಯ ಜಿಪ್ಸಿ ಕಿಂಗ್‌ಗೆ ಗೇರ್‌ಬಾಕ್ಸಿಗೆ ಸುಮಾರು 1.3 ಲೀಟರ್, ಟ್ರಾನ್ಸ್‌ಫರ್ ಕೇಸಿಗೆ 0.8, ಮುಂದಿನ ಹೌಸಿಂಗಿಗೆ 2, ಹಿಂದಿನದಕ್ಕೆ 1.5 ಲೀಟರ್ ಹಿಡಿಯುತ್ತದೆ. ಮಹೀಂದ್ರ ಜೀಪುಗಳಲ್ಲಿ ಮಾದರಿಯಿಂದ ಮಾದರಿಗೆ ವ್ಯತ್ಯಾಸವಿದೆ, ಎಷ್ಟೋ ಗಾಡಿಗಳಿಗೆ ಹಿಂದಿನ ಮಾಲೀಕರು ಬೇರೆ ಗೇರ್‌ಬಾಕ್ಸ್ ಕೂರಿಸಿರುತ್ತಾರೆ. ಜೀಪಿನವರು ಡಬ್ಬಿ ಒಯ್ಯುವ ಮುಂಚೆ ಪೆಟ್ಟಿಗೆಯ ಪಕ್ಕದಿಂದ ಒಂದು ಫೋಟೊ ತೆಗೆದು ತನ್ನಿ. ಏನೇ ಆದರೂ ಕೊನೆಯ ತೀರ್ಮಾನ ಅಳತೆಯದಲ್ಲ, ಫಿಲ್ಲರ್ ತೂತಿನದು. ತೂತಿನ ಅಂಚಿಗೆ ಎಣ್ಣೆ ಬಂದು ಹೊರಗೆ ತೊಟ್ಟಿಕ್ಕಿದರೆ ತುಂಬಿತು ಅಂತ ಅರ್ಥ.

ಈಗ ಮನೆಯಲ್ಲಿ ಮಾಡುವ ಕ್ರಮ. ಐದಾರು ಕಿಲೋಮೀಟರ್ ಓಡಿಸಿ ತನ್ನಿ. ಬಿಸಿ ಎಣ್ಣೆ ತಳದ ಗಸಿಯನ್ನೂ ಎಳೆದುಕೊಂಡು ಇಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು ಎಂದು ಕೈಮುಗಿದು ಕೇಳುತ್ತೇವೆ. ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹೌಸಿಂಗಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗಿದೆ. ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದಿರೋ, ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಆ ಚಕ್ರವನ್ನು ಗಾಳಿಯಲ್ಲಿ ತಿರುಗಲು ಬಿಡುತ್ತದೆ, ಶಾಫ್ಟ್ ನಿಂತೇ ಇದ್ದರೂ ಗಾಡಿ ಉರುಳುತ್ತದೆ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗಾಡಿ ಗೇರಿನಲ್ಲಿದ್ದರೂ ಪ್ರಯೋಜನವಿಲ್ಲ. ಜಾಕಿ ಬರೀ ಎತ್ತುವುದಕ್ಕೆ. ಕೆಳಗೆ ಹೋಗುವುದಾದರೆ ಸ್ಟ್ಯಾಂಡ್ ಕೊಡಲೇಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವುದೂ ಬೇಡ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್. ಇದು ತಪ್ಪಿದರೆ ಫಜೀತಿ: ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಸುತ್ತಲಿನ ಮಣ್ಣನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆದು, ಗಟ್ಟಿಯಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಆಮೇಲೆ ಕೆಳಗಿನ ಡ್ರೈನ್ ಪ್ಲಗ್. ಎಣ್ಣೆಯನ್ನು ಬಿಳಿ ಬೇಸಿನ್ನಿಗೆ ಇಳಿಸಿ. ಬಣ್ಣ, ಚೂರು ಎಲ್ಲ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಪ್ಲಗ್ ಒರೆಸಿ, ಹೊಸ ವಾಷರ್ ಹಾಕಿ ಬಿಗಿ ಮಾಡಿ. ಹೊಸ ಎಣ್ಣೆಯನ್ನು ಕೈಪಂಪಿನಲ್ಲೋ, ಆಲಿಕೆಗೆ ಪೈಪ್ ಸಿಕ್ಕಿಸಿಯೋ ನಿಧಾನಕ್ಕೆ ಬಿಡಿ. ಹೊರಗೆ ತೊಟ್ಟಿಕ್ಕಿದ ಮೇಲೆ ಐದು ನಿಮಿಷ ಕಾದು ಇನ್ನೊಮ್ಮೆ ನೋಡಿ, ಎಣ್ಣೆ ಒಳಗೆ ಕೂತು ಮಟ್ಟ ಇಳಿದಿರುತ್ತದೆ. ಹಳೆ ಜೀಪಿನಲ್ಲಿ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ಮಧ್ಯೆ ಎಣ್ಣೆ ಹರಿದಾಡುವುದುಂಟು. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಎರಡರ ಮಟ್ಟವನ್ನೂ ಮತ್ತೆ ನೋಡಿ.

ಬಾಟಲಿ ತನ್ನಿ ಅಂತ ಕೇಳುವುದು ಸುಮ್ಮನೆ ಅಲ್ಲ. ಹಳೆ ಎಣ್ಣೆ ಪೆಟ್ಟಿಗೆ ಬಿಚ್ಚದೆಯೇ ಒಳಗಿನ ಸ್ಥಿತಿ ಹೇಳುತ್ತದೆ. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಾಕಿ ನಿಧಾನಕ್ಕೆ ಉಜ್ಜಿ, ಬಿಸಿಲಿಗೆ ಹಿಡಿಯಿರಿ. ಕಪ್ಪಾಗಿದ್ದು ನುಣ್ಣಗಿದ್ದರೆ ಬರೀ ವಯಸ್ಸಾಗಿದೆ ಅಷ್ಟೆ. ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ಹಿತ್ತಾಳೆ, ಗೇರ್‌ಬಾಕ್ಸಿನ ಬಾಟಲಿಯಲ್ಲಿ ಅದು ಕಂಡರೆ ರಿಂಗು ಸವೆಯುತ್ತಿದೆ. ಡ್ರೈನ್ ಪ್ಲಗ್ಗಿನಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಬೂದು ಬಣ್ಣದ ನುಣುಪು ಪೇಸ್ಟ್ ಅಂಟಿರುವುದು ಸಹಜ, ಒರೆಸಿ ಹಾಕಿ. ಉಗುರಿಗೆ ತಾಗುವ ಚೂರು, ಸೂಜಿಯಂಥ ಎಳೆ ಸಿಕ್ಕರೆ ಗಾಡಿ ಓಡಿಸಬೇಡಿ, ಆ ಚೂರನ್ನೇ ತನ್ನಿ. ಎಣ್ಣೆ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಸಂಶಯವಿದ್ದರೆ ಕೆಲಸಕ್ಕೆ ಬಾರದ ಹಳೆ ತವಾ ಒಂದನ್ನು ಹೊರಗಡೆ ಕಾಯಿಸಿ, ದೂರದಿಂದ ಒಂದೇ ಒಂದು ಹನಿ ಬಿಡಿ. ಚಟಪಟ ಅಂದರೆ ನೀರಿದೆ.

ನಮ್ಮ ಕಡೆ ನೀರು ಸೇರುವುದಕ್ಕೆ ದಾರಿಗಳು ಬಹಳ. ನಾಲೆಗೆ ನೀರು ಬಿಟ್ಟ ಕಾಲದಲ್ಲಿ ಗದ್ದೆ ಬಯಲಿನ ಮಧ್ಯೆ ಹಾದು ಬರುವ ಗಾಡಿ, ಹೊಳೆ ದಾಟುವ ಗಾಡಿ, ಎಲ್ಲದರ ಹೌಸಿಂಗೂ ಓಡಿ ಬಿಸಿಯಾಗಿರುತ್ತದೆ. ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಹೌಸಿಂಗಿನ ಮೇಲಿರುವ ಬ್ರೀದರ್ ಎಂಬ ಗಾಳಿಕಿಂಡಿಯಿಂದ ಗಾಳಿ ಬಂದರೆ ಸರಿ. ಅದು ಕೆಸರು ಕಟ್ಟಿ ಮುಚ್ಚಿದ್ದರೆ ಸೀಲ್‌ಗಳ ಅಂಚಿನಿಂದ ನೀರು ಒಳಗೆ ಹೋಗುತ್ತದೆ. ಇದೇ ಬ್ರೀದರ್ ಮುಚ್ಚಿದ್ದರೆ ಒಣ ರಸ್ತೆಯಲ್ಲೂ ತೊಂದರೆ: ಬಿಸಿಗೆ ಗಾಳಿ ಹಿಗ್ಗಿ ಪಿನಿಯನ್ ಸೀಲಿನಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ವರ್ಷಕ್ಕೆ ಎರಡು ಸಲ ಪಿನಿಯನ್ ಸೀಲ್ ಬದಲಿಸುತ್ತಿರುವವರು ಮೊದಲು ಬ್ರೀದರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಏರ್ ಗನ್ನಿನಿಂದ ಊದಿಸಿ ನೋಡಿ. ಅಷ್ಟಕ್ಕೇ ಸೋರಿಕೆ ನಿಲ್ಲಬಹುದು. ನೀರಿಗಿಳಿಯುವ ಗಾಡಿಗೆ ಅದಕ್ಕೊಂದು ರಬ್ಬರ್ ಪೈಪ್ ಸಿಕ್ಕಿಸಿ ಚಾಸಿಯ ಮೇಲೆತ್ತರಕ್ಕೆ ಕಟ್ಟಿ, ಪೈಪಿನ ಬಾಯಿ ಕೆಳಮುಖವಾಗಿರಲಿ. ನೀರಿಗೆ ಇಳಿಯುವ ಮುಂಚೆ ಹತ್ತು ನಿಮಿಷ ನಿಲ್ಲಿಸಿ ಆರಲು ಬಿಟ್ಟರೆ ಇನ್ನೂ ಒಳ್ಳೆಯದು.

ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲುಗಳಾದ ಕ್ರಾಸ್‌ಗಳಿಗೆ ಐದು ಸಾವಿರ ಕಿಲೋಮೀಟರಿಗೊಮ್ಮೆ, ಮತ್ತು ನೀರು ದಾಟಿದ ದಿನವೇ ಗ್ರೀಸ್ ಹೊಡೆಯಬೇಕು. ನಾಲ್ಕೂ ಕಪ್‌ಗಳ ಅಂಚಿನಿಂದ ಹೊಸ ಗ್ರೀಸ್ ಕಾಣುವವರೆಗೆ ಹೊಡೆಯಿರಿ. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಕಪ್ ಒಣಗುತ್ತಿದೆ. ಕಪ್ಪಿನ ಸುತ್ತ ಕೆಂಪು ಪುಡಿ ಉದುರಿದ್ದರೆ ಒಳಗಿನ ಸೂಜಿಗಳು ಹೋಗಿವೆ, ಇನ್ನು ಗ್ರೀಸ್ ಕೆಲಸ ಮಾಡುವುದಿಲ್ಲ. ಶಾಫ್ಟ್ ಇಳಿಸುವುದಾದರೆ ಫ್ಲ್ಯಾಂಜಿಗೂ, ಜಾರುವ ಸ್ಪ್ಲೈನಿಗೂ ಪಂಚ್‌ನಿಂದ ಗುರುತು ಹಾಕಿಕೊಳ್ಳಿ. ಒಂದು ಹಲ್ಲು ಆಚೀಚೆ ಕೂರಿಸಿದರೂ ಎರಡು ತುದಿಯ ಯೋಕ್‌ಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ನೇರಕ್ಕೆ ಬರದೆ ಗಾಡಿ ನಡುಗುತ್ತದೆ. ಗ್ರೀಸ್ ಬದಲಿಸುವಾಗ ಕಂಪನಿ ಬೇರೆಯಾದರೆ ಹಳೆಯದನ್ನು ಪೂರ್ತಿ ಒರೆಸಿ ತೆಗೆದು ಹಾಕಿ. ಕೆಲವು ಜಾತಿಯ ಗ್ರೀಸುಗಳು ಬೆರೆತರೆ ಕರಗಿ ಹರಿದುಹೋಗುತ್ತವೆ.

ಸ್ಟೇರಿಂಗ್ ಅದುರುತ್ತಿದೆ ಅಂತ ಬರುವವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ಬಂದರೆ ಇಬ್ಬರಿಗೂ ಸಮಯ ಉಳಿಯುತ್ತದೆ. ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಪ್ಲೇ ಮಾಯವಾದರೆ ವೀಲ್ ಬೇರಿಂಗ್. ಬ್ರೇಕ್ ಹಿಡಿದರೂ ಅಲ್ಲಾಡಿದರೆ ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ. ಎಡಬಲ ಹಿಡಿದಾಗ ಮಾತ್ರ ಅಲ್ಲಾಡಿದರೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ತುದಿಗಳನ್ನು ನೋಡಿ. ಸ್ಟೇರಿಂಗ್ ಡ್ಯಾಂಪರ್ ಬದಲಿಸಿದರೆ ಅದುರು ಕೆಲವು ದಿನ ಅಡಗಬಹುದು, ಆದರೆ ಸವೆದ ಬೇರಿಂಗ್ ಸವೆಯುತ್ತಲೇ ಇರುತ್ತದೆ. ಮುಂದಿನ ಚಕ್ರ ತಿರುಗುವ ಕೀಲಿನ (ಸ್ಟೇರಿಂಗ್ ನಕಲ್‌ನ) ದುಂಡು ಭಾಗದ ಮೇಲೆ ತೆಳು ಗ್ರೀಸ್ ಪೊರೆ ಇರಬೇಕು. ಅಲ್ಲಿಂದ ಸಾರಿನ ಹಾಗೆ ತೆಳ್ಳಗೆ ಇಳಿಯುತ್ತಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿ ಹೌಸಿಂಗ್ ಎಣ್ಣೆ ಗ್ರೀಸಿಗೆ ಬೆರೆತಿದೆ.

ಕಿಂಗ್‌ಪಿನ್ ಶಿಮ್ (ಬಿಗಿ ಹೊಂದಿಸುವ ತೆಳು ತಗಡು), ಆಕ್ಸಲ್ ಸೀಲ್, ಕ್ರೌನ್-ಪಿನಿಯನ್ ಕೆಲಸ ಮನೆಯಲ್ಲಿ ಬೇಡ. ಅವುಗಳಿಗೆ ಅಳತೆಯ ಸಾಮಾನು ಬೇಕು. ಈ ಕೆಲಸಗಳನ್ನು ಇನ್ನು ಮುಂದೆ ಸೋಮವಾರ, ಮಂಗಳವಾರ ಮಾತ್ರ, ಮುಂಚೆ ಹೇಳಿದವರಿಗೆ ಮಾಡಿಕೊಡುತ್ತೇವೆ. ಸಂಜೆಗೆ ಗಾಡಿ ಕೊಡಿ ಎಂಬ ಅವಸರದಲ್ಲಿ ಕಿಂಗ್‌ಪಿನ್ ಬಿಗಿ ನೋಡುವುದು ತಪ್ಪಬಾರದು ಎಂದೇ ಹೀಗೆ ಮಾಡಿದ್ದೇವೆ.

ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ. ಈ ಗಾಡಿಗಳಲ್ಲಿ ಮುಂದೆ ಹಿಂದಿನ ಶಾಫ್ಟ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಶಾಫ್ಟ್‌ಗಳು ಹುರಿಗೊಂಡು ಲಿವರ್ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದರೆ ಬಲ ಹಾಕಿ ಎಳೆಯದೆ ನಾಲ್ಕೈದು ಮೀಟರ್ ರಿವರ್ಸ್ ತೆಗೆದುಕೊಳ್ಳಿ, ಬಿಡುತ್ತದೆ. ನಾಲ್ಕೂ ಟೈರ್ ಒಂದೇ ಅಳತೆಯವಿರಬೇಕು, ಸವೆತವೂ ಹೆಚ್ಚುಕಡಿಮೆ ಸಮ ಇರಬೇಕು.

ಇಳಿಸಿದ ಹಳೆ ಎಣ್ಣೆಯನ್ನು ನಾಲೆಗೆ, ಚರಂಡಿಗೆ, ಹೊಲದ ಬದುವಿಗೆ ಸುರಿಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಖಾಲಿ ಡಬ್ಬಿಗಳಲ್ಲೇ ತುಂಬಿ ನಮಗೆ ತಂದುಕೊಡಿ, ಪರವಾನಗಿ ಇರುವವರಿಗೆ ಒಪ್ಪಿಸುತ್ತೇವೆ. ಮಾದರಿ ಬಾಟಲಿ ನೋಡಿ ಹೇಳುವುದಕ್ಕೆ ಹಣವಿಲ್ಲ. ಪ್ರತಿ ಬಾಟಲಿಯ ಮೇಲೆ ಯಾವ ಪೆಟ್ಟಿಗೆಯದು, ಇಳಿಸಿದ ತಾರೀಕು, ಮೀಟರಿನಲ್ಲಿದ್ದ ಕಿಲೋಮೀಟರ್, ಈ ಮೂರನ್ನು ಬರೆದಿರಲಿ.

ವಿಶ್ವಾಸದಿಂದ,
ಗ್ಯಾರೇಜಿನ ಎಲ್ಲರ ಪರವಾಗಿ