ಪುಟ್ಟಿ, ಇರುವ ಕ್ಯಾಮೆರಾ ಮಾತ್ರ ಮಾರಬೇಡ

ಚಿ. ಅನಘಾಳಿಗೆ ಮಾವನ ಆಶೀರ್ವಾದಗಳು.

ನಿನ್ನ ಮೆಸೇಜ್ ನೋಡಿದೆ. ಸೆಕೆಂಡ್ ಹ್ಯಾಂಡ್ ಸಿಗ್ಮಾ ಡಿಪಿ2 ಮೆರಿಲ್ ಸಿಕ್ಕಿದೆ, ಈಗಿರೋದನ್ನು ಮಾರಿ ಅದನ್ನು ತಗೊಳ್ಳಲಾ ಮಾವ ಅಂತ ಕೇಳಿದ್ದೀಯ. ಬೇಡ ಅನ್ನೋಕೆ ನನಗೆ ಬಾಯಿಲ್ಲ, ಅದೇ ಕ್ಯಾಮೆರಾ ನನ್ನ ಬೀರುವಿನಲ್ಲೂ ಇದೆ. ಆದರೆ ಮಾರುವ ಮಾತು ಇದೆಯಲ್ಲ, ಈ ಉದ್ದದ ಪತ್ರ ಅದಕ್ಕೆ.

ಅದರ ಹುಚ್ಚು ಯಾಕೆ ಹಿಡಿಯುತ್ತೆ ಅಂತ ನನಗೆ ಗೊತ್ತು. ನಿನ್ನ ಈಗಿನ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್ಪಿನ ಮೇಲೆ ಬಣ್ಣದ ಪುಟ್ಟ ಚೌಕಗಳ ಹಾಸು ಇದೆ, ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಒಂದೊಂದು ಚೌಕಕ್ಕೂ ಒಂದೇ ಬಣ್ಣ ಗೊತ್ತು, ಉಳಿದೆರಡನ್ನು ಅಕ್ಕಪಕ್ಕದವರನ್ನು ಕೇಳಿ ಅಂದಾಜು ಮಾಡಬೇಕು. ಹೆಚ್ಚಿನ ಸಲ ಅಂದಾಜು ಸರಿಯಾಗೇ ಇರುತ್ತೆ. ಇಳಕಲ್ ಸೀರೆಯ ಸಣ್ಣ ನೇಯ್ಗೆಯಂಥದ್ದು ಬಂದಾಗ ಮಾತ್ರ ಇಲ್ಲದ ಬಣ್ಣದ ಅಲೆಗಳು ಕಾಣಿಸಿಬಿಡುತ್ತವೆ.

ನೀನು ಕೇಳಿದ ಸಿಗ್ಮಾದಲ್ಲಿರೋದು ಫೋವಿಯಾನ್ ಅನ್ನೋ ಸೆನ್ಸರ್, ಅದರಲ್ಲಿ ಈ ಹಾಸೇ ಇಲ್ಲ. ಮಳೆನೀರು ಮಣ್ಣಿಗೆ ಇಳಿದ ಹಾಗೆ ಬೆಳಕು ಸಿಲಿಕಾನಿಗೆ ಇಳಿಯುತ್ತೆ, ನೀಲಿ ಮೇಲೆಯೇ ಇಂಗುತ್ತೆ, ಹಸಿರು ಸ್ವಲ್ಪ ಕೆಳಗೆ, ಕೆಂಪು ಇನ್ನೂ ಆಳಕ್ಕೆ. ಆ ಮೂರು ಆಳದಲ್ಲೂ ಅಳೆದರೆ ಒಂದೇ ಜಾಗದಲ್ಲಿ ಮೂರು ಬಣ್ಣವೂ ಸಿಕ್ಕಿತು, ಅಲ್ವಾ? ಇದನ್ನು ಕಂಡುಹಿಡಿದವರಲ್ಲಿ ಮುಖ್ಯರು ಅಮೆರಿಕದ ಡಿಕ್ ಮೆರಿಲ್. ಅವರು 2008ರಲ್ಲಿ ತೀರಿಕೊಂಡರು, ಅದೇ ವರ್ಷ ಜಪಾನಿನ ಸಿಗ್ಮಾ ಫೋವಿಯಾನ್ ಕಂಪನಿಯನ್ನೇ ಕೊಂಡಿತು. ನೀನು ಕೇಳುತ್ತಿರುವ 2012ರ ಕ್ಯಾಮೆರಾದ ಹೆಸರು ಅವರ ನೆನಪಿಗೆ ಇಟ್ಟದ್ದು.

ಒಂದು ವಿಷಯ, 46 ಮೆಗಾಪಿಕ್ಸೆಲ್ ಅಂತ ಬರೆದಿರೋದು ಮೂರು ಪದರವನ್ನೂ ಕೂಡಿಸಿದ ಲೆಕ್ಕ. ಕೈಗೆ ಬರುವ ಚಿತ್ರ 4704 × 3136, ಅಂದರೆ ಹದಿನೈದರ ಹತ್ತಿರ. ಆದರೆ ಆ ಹದಿನೈದು ಎಂಥದ್ದು ಅಂತೀಯಾ! ಬೇಲೂರಿನಲ್ಲಿ ಬೆಳಗಿನ ಬಿಸಿಲಲ್ಲಿ ದೇವಸ್ಥಾನದ ಹೊರಗೋಡೆಯನ್ನು ಐಎಸ್‌ಒ 100ರಲ್ಲಿ ತೆಗೆದಿದ್ದೆ (ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನೋ ಅಳತೆ, ಕತ್ತಲಾದಷ್ಟೂ ಏರಿಸಬೇಕು). ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಬಳಪದ ಕಲ್ಲಿನ ಮೇಲೆ ಉಳಿಯ ಗೀರು, ಸರದ ಒಂದೊಂದು ಮಣಿ, ಕಲ್ಲಿನ ನುಣುಪು, ಎಲ್ಲ ಕೈಯಲ್ಲಿ ಮುಟ್ಟಬಹುದು ಅನ್ನೋ ಹಾಗಿತ್ತು. ನಿಮ್ಮತ್ತೆ ಕ್ಯಾಮೆರಾ ವಿಷಯಕ್ಕೆ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಅದೇ ದಿನ ದೇವಸ್ಥಾನದ ಒಳಗೆ ಹೋದೆ. ನವರಂಗದಲ್ಲಿ ಕತ್ತಲು. ಕೈಯಲ್ಲಿ ಹಿಡಿದು ತೆಗೆಯಬೇಕೆಂದರೆ ಐಎಸ್‌ಒ ಏರಿಸಬೇಕು, ಏರಿಸದೆ ತೆಗೆಯಬೇಕೆಂದರೆ ಟ್ರೈಪಾಡ್ ಬೇಕು, ಪುರಾತತ್ವ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಜೇಬಿನಲ್ಲಿದ್ದ ಫೋನಿನಲ್ಲಿ ತೆಗೆದುಕೊಂಡು ಬಂದೆ! ಯಾಕೆ ಹೀಗೆ ಅಂದರೆ, ಆ ಮೂರು ಪದರದಲ್ಲಿ ಬಣ್ಣಗಳು ಚೊಕ್ಕಟವಾಗಿ ಬೇರೆಯಾಗೋದಿಲ್ಲ, ಒಂದರೊಳಗೊಂದು ಬೆರೆತಿರುತ್ತವೆ. ಬಿಡಿಸೋಕೆ ಜೋರು ಲೆಕ್ಕ ಹಾಕಬೇಕು, ಬೆಳಕು ಕಡಿಮೆ ಇದ್ದಾಗ ಆ ಲೆಕ್ಕವೇ ನಾಯ್ಸ್ ಅನ್ನು, ಅಂದರೆ ಚಿತ್ರದಲ್ಲಿನ ಕಾಳುಕಾಳು ಕಲೆಗಳನ್ನು ಹಿಗ್ಗಿಸುತ್ತೆ. ಐಎಸ್‌ಒ 400ರ ತನಕ ಹೇಗೋ ಆಗುತ್ತೆ. 800 ದಾಟಿದರೆ ಮುಖದ ಮೇಲೆ ಹಸಿರು, ನೇರಳೆ ಕಲೆಗಳು. ಕಪ್ಪು-ಬಿಳುಪು ಮಾಡಿಕೊಂಡರೆ ಸ್ವಲ್ಪ ಬದುಕುತ್ತೆ.

ನಾನು ನಿನ್ನ ಅಣ್ಣನ ಮದುವೆಗೆ ಇದನ್ನೇ ತಗೊಂಡು ಹೋಗಿದ್ದು ನೆನಪಿದೆಯಾ? ತಪ್ಪು ನನ್ನದೇ. ಒಂದು ಬ್ಯಾಟರಿಗೆ ನೂರು ಫೋಟೋ ಬಂದರೆ ಹೆಚ್ಚು, ಅದಕ್ಕೇ ಡಬ್ಬದಲ್ಲಿ ಎರಡು ಬ್ಯಾಟರಿ ಇಟ್ಟು ಮಾರಿದ ಕ್ಯಾಮೆರಾ ಇದು. ಜೂಮ್ ಇಲ್ಲ, ಫ್ಲ್ಯಾಶ್ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ. ತೆಗೆದ ಮೇಲೆ ಕಾರ್ಡಿಗೆ ಬರೆಯೋ ತನಕ ಕಾಯಬೇಕು. ಧಾರೆ ಎರೆಯುವಾಗ ನಾನು ಬರೆದು ಮುಗಿಯಲಿ ಅಂತ ಅದರ ಕೆಂಪು ದೀಪ ನೋಡಿಕೊಂಡು ನಿಂತಿದ್ದೆ.

ಇನ್ನು ಕಂಪ್ಯೂಟರಿನ ಪಾಡು. ಇದರ ಎಕ್ಸ್3ಎಫ್ ಫೈಲು, ಅಂದರೆ ಸೆನ್ಸರ್ ಕಂಡದ್ದನ್ನು ಹಸಿಯಾಗಿಯೇ ಇಡುವ ಫೈಲು, ನೀನು ಫೋಟೋ ತಿದ್ದೋಕೆ ಬಳಸುವ ಲೈಟ್‌ರೂಮಿನಲ್ಲಿ ತೆರೆಯೋದಿಲ್ಲ. ಸಿಗ್ಮಾದವರದೇ ಸಾಫ್ಟ್‌ವೇರ್ ಸಿಗ್ಮಾ ಫೋಟೋ ಪ್ರೊ ಬೇಕು. ಪುಕ್ಕಟೆ ಸಿಗುತ್ತೆ ನಿಜ, ಆದರೆ ಒಂದು ಸ್ಲೈಡರ್ ಎಳೆದು ಕಾಫಿಗೆ ಡಿಕಾಕ್ಷನ್ ಹಾಕಿಕೊಂಡು ಬರಬಹುದು. ಇದರ ಮುಂದಿನ ಪೀಳಿಗೆಯಾಗಿ 2014ರಲ್ಲಿ ಬಂದ ಡಿಪಿ ಕ್ವಾಟ್ರೊ ಸ್ವಲ್ಪ ಚುರುಕು. ಅದರಲ್ಲಿ ಮೇಲಿನ ಪದರಕ್ಕೆ ಸುಮಾರು 20 ಮೆಗಾಪಿಕ್ಸೆಲ್, ಕೆಳಗಿನ ಎರಡಕ್ಕೆ ಸುಮಾರು ಐದೈದು, ಅಂದರೆ ಅಲ್ಲೂ ಅಂದಾಜು ನುಸುಳಿತು. ನನಗೆ ಮೆರಿಲ್ಲೇ ಇಷ್ಟ, ಇದು ಬರೀ ನನ್ನ ರುಚಿ.

ನಿನಗೆ ಕಪ್ಪು-ಬಿಳುಪೇ ಸಾಕು ಅನ್ನೋದಾದರೆ ದಾರಿಯೇ ಬೇರೆ. 2012ರ ಲೈಕಾ ಎಂ ಮೋನೋಕ್ರೋಮ್, 2023ರ ಪೆಂಟ್ಯಾಕ್ಸ್ ಕೆ-3 ಮಾರ್ಕ್ 3 ಮೋನೋಕ್ರೋಮ್, ಇವುಗಳ ಸೆನ್ಸರಿಗೆ ಬಣ್ಣದ ಹಾಸೇ ಹಾಕಿಲ್ಲ, ಬೆಳಕೆಲ್ಲ ಒಳಗೆ ಬರುತ್ತೆ, ಹಾಗಾಗಿ ಕತ್ತಲಿಗೆ ಹೆದರೋದಿಲ್ಲ. ಆದರೆ ಮನಸ್ಸು ಬದಲಾದರೆ ಬಣ್ಣ ವಾಪಸ್ ಬರೋದಿಲ್ಲ, ಮತ್ತೆ ಬೆಲೆ ಕೇಳಿದರೆ ನಿಮ್ಮಪ್ಪ ನನ್ನ ಜೊತೆ ಮಾತು ಬಿಡುತ್ತಾನೆ.

ಈಗ ಒಂದು ಕೆಲಸ ಮಾಡು. ಕಳೆದ ವರ್ಷ ನೀನು ಇಷ್ಟಪಟ್ಟು ಇಟ್ಟುಕೊಂಡ ಫೋಟೋಗಳಲ್ಲಿ ಐಎಸ್‌ಒ 400ಕ್ಕಿಂತ ಮೇಲೆ ಎಷ್ಟಿವೆ, ಓಡಾಡುವ ಜನ, ಮಕ್ಕಳು, ನಿನ್ನ ಬೆಕ್ಕು ಎಷ್ಟಿವೆ, ಲೆಕ್ಕ ಹಾಕು. ಅರ್ಧ ದಾಟಿದರೆ ಇದು ನಿನ್ನ ಒಂದೇ ಕ್ಯಾಮೆರಾ ಆಗೋಕೆ ಸಾಧ್ಯವಿಲ್ಲ. ಮಾರುವವನ ಹತ್ತಿರ ಅವನು ಕಳಿಸುವ ಜೆಪೆಗ್ ಬೇಡ, ಒಂದು ಎಕ್ಸ್3ಎಫ್ ಫೈಲೇ ಕೇಳು, ನಿನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡು. ಹಳೇ ಕ್ಯಾಮೆರಾ ಅನ್ನೋದೂ ನೆನಪಿರಲಿ. ದೊಡ್ಡ, ಫುಲ್ ಫ್ರೇಮ್ (ಹಳೇ 35 ಎಂಎಂ ಫಿಲ್ಮಿನಷ್ಟೇ ಅಳತೆಯ) ಫೋವಿಯಾನ್ ಮಾಡುತ್ತೇವೆ ಅಂತ ಸಿಗ್ಮಾ 2018ರಲ್ಲಿ ಹೇಳಿತ್ತು, 2021ರಲ್ಲಿ ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ ಅಂತು. ಅದಕ್ಕೆ ಕಾಯುತ್ತಾ ಕೂರಬೇಡ.

ಅಷ್ಟಕ್ಕೂ ಅವಸರ ಏನಿದೆ? ದೀಪಾವಳಿಗೆ ಬರುತ್ತೀಯಲ್ಲ, ನನ್ನದನ್ನೇ ಒಂದು ತಿಂಗಳು ತಗೊಂಡು ಹೋಗು. ಬ್ಯಾಟರಿ ನಾಲ್ಕಿವೆ, ಅದರಲ್ಲಿ ಒಂದು ಉಬ್ಬಿದೆ, ಅದರ ಮೇಲೆ ಕೆಂಪು ಟೇಪ್ ಸುತ್ತಿದ್ದೇನೆ, ಅದನ್ನು ಮಾತ್ರ ಹಾಕಬೇಡ.

ಇಂತಿ,
ನಿನ್ನ ಮಾವ